‘ಬೋರ್ಡ್ ಹೋಗಿದೆ’ ಅಂದಿದ್ದ ಪ್ರಿಂಟರ್‌ಗೆ ಏನೂ ಆಗಿರಲಿಲ್ಲ

ಈ ಕಂಪ್ಯೂಟರ್, ಪ್ರಿಂಟರ್ ರಿಪೇರಿ ಅಂಗಡಿಗೆ 5ಕ್ಕೆ 5 ಸ್ಟಾರ್ ಕೊಟ್ಟಿದ್ದೇನೆ. ಬರೀ ಸ್ಟಾರ್ ಒತ್ತಿ ಬಿಟ್ಟರೆ ಇವರು ಏನು ಮಾಡಿದರು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಏಳೆಂಟು ಕಂಪ್ಯೂಟರ್ ಇಟ್ಟುಕೊಂಡು, ಎಲ್ಲದಕ್ಕೂ ಸೇರಿ ಒಂದೇ ಪ್ರಿಂಟರ್ ನಂಬಿಕೊಂಡಿರುವವರು ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ 11 ವರ್ಷದಿಂದ ಇದ್ದೇನೆ. ಅಕೌಂಟ್ಸ್ ನೋಡುವುದರ ಜೊತೆಗೆ ಕರೆಂಟ್ ಬಿಲ್, ಪೇಪರ್ ಸ್ಟಾಕ್, ನೆಟ್, ಪ್ರಿಂಟರ್ ಎಲ್ಲಾ ನನ್ನ ಜವಾಬ್ದಾರಿ. 9 ಕಂಪ್ಯೂಟರ್ ಇವೆ, ನಮ್ಮ ಸರ್‌ದು ಒಂದು ಲ್ಯಾಪ್‌ಟಾಪ್ ಇದೆ. ಪ್ರಿಂಟರ್ ಮಾತ್ರ ಒಂದೇ. ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮೂರೂ ಮಾಡುವ ಲೇಸರ್ ಮಷಿನ್. ಕೇಬಲ್ ಹಾಕಿ ರೂಟರ್‌ಗೆ ಸೇರಿಸಿದ್ದೇವೆ, ಯಾವ ಟೇಬಲ್‌ನಿಂದ ಪ್ರಿಂಟ್ ಕೊಟ್ಟರೂ ಅಲ್ಲೇ ಬರಬೇಕು.

ಎಲ್ಲಾ ಆನ್‌ಲೈನ್ ಆಯಿತಲ್ಲ, ಇನ್ನೂ ಪ್ರಿಂಟ್ ಯಾಕೆ ಅಂತ ಕೇಳುವವರಿದ್ದಾರೆ. ರಿಟರ್ನ್ ಆನ್‌ಲೈನಲ್ಲೇ ಹೋಗುತ್ತದೆ, ನಿಜ. ಆದರೆ ಪಾರ್ಟಿ (ಅಂದರೆ ನಮ್ಮ ಗಿರಾಕಿ) ಬ್ಯಾಂಕಿಗೆ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ರಿನ್ಯೂವಲ್‌ಗೆ ಹೋದಾಗ ಸಹಿ, ಸೀಲ್ ಬಿದ್ದ ಬ್ಯಾಲೆನ್ಸ್ ಶೀಟ್ ಕೇಳುತ್ತಾರೆ. ನೋಟಿಸ್‌ಗೆ ಉತ್ತರ ಕೊಟ್ಟರೆ ನಮ್ಮ ಫೈಲಿಗೆ ಒಂದು ಕಾಪಿ ಬೇಕು. ನಮ್ಮ ಪಾರ್ಟಿಗಳಲ್ಲಿ ಅಕ್ಕಿ ಮಿಲ್ಲಿನವರು, ಬಟ್ಟೆ ಅಂಗಡಿಯವರು, ಮಂಡಕ್ಕಿ ಭಟ್ಟಿಯವರು ಇದ್ದಾರೆ. ಅವರಲ್ಲಿ ಬಹಳ ಜನಕ್ಕೆ ಪೇಪರ್ ಕೈಗೆ ಬಂದರೇನೇ ಕೆಲಸ ಮುಗಿದ ಹಾಗೆ. ಅದರಲ್ಲೂ ಸೆಪ್ಟೆಂಬರ್ ಅಂದರೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ (ಎರಡೂ ಜಿಎಸ್‌ಟಿ ರಿಟರ್ನ್), 30ಕ್ಕೆ ಟ್ಯಾಕ್ಸ್ ಆಡಿಟ್, ಎಲ್ಲದಕ್ಕೂ ಕೊನೇ ದಿನ. ಅಂಥ ಸೆಪ್ಟೆಂಬರ್‌ನಲ್ಲೇ ಪ್ರಿಂಟರ್ ಕೈಕೊಟ್ಟಿತು.

ಶುರುವಾದದ್ದು ಹೀಗೆ. ಒಂದು ಸೋಮವಾರ ಬೆಳಗ್ಗೆ ಪ್ರಿಂಟ್ ಕೊಟ್ಟರೆ ‘ಆಫ್‌ಲೈನ್’ ಅಂತ ತೋರಿಸಿತು. ಪ್ರಿಂಟರ್ ಆನ್ ಇದೆ. ಹಸಿರು ದೀಪ ಉರಿಯುತ್ತಿದೆ. ಪೇಪರ್ ಇದೆ, ಟೋನರ್ ಇದೆ. ಆಫ್ ಮಾಡಿ ಆನ್ ಮಾಡಿದೆ, ಏನೂ ಇಲ್ಲ. ಗೊತ್ತಿದ್ದ ಒಬ್ಬ ಕಂಪ್ಯೂಟರ್ ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಬಂದರು, ಪ್ರಿಂಟರ್ ತೆಗೆದುಹಾಕಿ ಮತ್ತೆ ಸೇರಿಸಿದರು, 500 ರೂಪಾಯಿ ತೆಗೆದುಕೊಂಡು ಹೋದರು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮತ್ತೆ ಅದೇ ಕಥೆ. ಮತ್ತೆ ಬಂದರು, ಮತ್ತೆ ಅದನ್ನೇ ಮಾಡಿದರು, ಮತ್ತೆ 500. ನನ್ನ ಕಂಪ್ಯೂಟರ್‌ನಲ್ಲಿ ಒಂದೇ ಪ್ರಿಂಟರ್‌ನ ಹೆಸರು ಮೂರು ಸಲ ಕಾಣಲು ಶುರುವಾಯಿತು. ಒಂದು ಬರೀ ಹೆಸರು, ಇನ್ನೊಂದರ ಮುಂದೆ ‘ಕಾಪಿ 1’, ಮತ್ತೊಂದರ ಮುಂದೆ ‘ಕಾಪಿ 2’. ಯಾವುದಕ್ಕೆ ಕೊಟ್ಟರೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಒಂದೊಂದು ಟೇಬಲ್‌ನಲ್ಲಿ ಒಂದೊಂದು.

ಇನ್ನೊಂದು ವಿಚಿತ್ರ ಅಂದರೆ, 6 ಕಂಪ್ಯೂಟರ್‌ಗಳಲ್ಲಿ ಪ್ರಿಂಟ್ ನಿಂತರೆ ಪೂರ್ತಿ ನಿಲ್ಲುತ್ತಿತ್ತು. ಉಳಿದ 3ರಲ್ಲಿ ಬೆಳಗ್ಗೆ ಬರುತ್ತಿತ್ತು, ಮಧ್ಯಾಹ್ನ ನಿಲ್ಲುತ್ತಿತ್ತು, ಸಂಜೆ ತಾನಾಗೇ ಬರುತ್ತಿತ್ತು. ಹಾಗಾಗಿ ಎಲ್ಲರೂ ಪೆನ್ ಡ್ರೈವ್ ಹಿಡಿದುಕೊಂಡು ಆ ಮೂರರ ಹತ್ತಿರ ಸಾಲು ನಿಲ್ಲುತ್ತಿದ್ದೆವು.

ಮೂರನೇ ಸಲ ಅವರು ಬಂದಾಗ ಕಪ್ಪು ಪರದೆ ತೆಗೆದು ಏನೋ ಟೈಪ್ ಮಾಡಿದರು. ‘ನೋಡಿ ಮೇಡಂ, ನೆಟ್‌ವರ್ಕ್‌ನಿಂದ ರಿಪ್ಲೈ ಬರ್ತಾ ಇದೆ. ನೆಟ್‌ವರ್ಕ್ ಸರಿ ಇದೆ. ಪ್ರಿಂಟರ್ ಬೋರ್ಡ್ ಹೋಗಿದೆ’ ಅಂದರು. ಬೋರ್ಡ್‌ಗೆ 9,500 ಆಗುತ್ತದೆ, ಬರಲು ಹತ್ತು ದಿನ ಬೇಕು ಅಂದರು. ನೋಡಿದ್ದಕ್ಕೆ 300 ಕೊಟ್ಟು ಕಳಿಸಿದೆ. ಅವತ್ತು ಮಂಡಕ್ಕಿ ಭಟ್ಟಿಯ ಒಬ್ಬ ಯಜಮಾನರು ಬೆಳಗ್ಗೆಯಿಂದ ನಮ್ಮ ಬೆಂಚಿನ ಮೇಲೆ ಕೂತಿದ್ದರು. ಬ್ಯಾಂಕಿಗೆ ಮಧ್ಯಾಹ್ನದೊಳಗೆ ಬ್ಯಾಲೆನ್ಸ್ ಶೀಟ್ ಕೊಡಬೇಕಿತ್ತು. ‘ಏನಮ್ಮಾ, ಪೇಪರ್ ಇನ್ನೂ ಬರ್ಲಿಲ್ವಾ?’ ಅಂತ ಮೂರು ಸಲ ಕೇಳಿದರು. ಬೈಯಲಿಲ್ಲ, ಕೂಗಾಡಲಿಲ್ಲ, ಸುಮ್ನೆ ಕೇಳಿದರು. ಅದೇ ನನಗೆ ಜಾಸ್ತಿ ಸಂಕಟವಾಯಿತು. ಕೊನೆಗೆ ಹುಡುಗನನ್ನು ಹೊರಗಡೆ ಜೆರಾಕ್ಸ್ ಅಂಗಡಿಗೆ ಓಡಿಸಿ ಪ್ರಿಂಟ್ ತೆಗೆಸಿದೆವು. ಒಬ್ಬರ ಪೂರ್ತಿ ಲೆಕ್ಕಪತ್ರವನ್ನು ಬೇರೆಯವರ ಕಂಪ್ಯೂಟರ್‌ಗೆ ಹಾಕುವುದು ಸರಿಯಲ್ಲ. ಗೊತ್ತಿದ್ದೂ ಮಾಡಬೇಕಾಯಿತು.

ಅವತ್ತು ಸಂಜೆ ಪಕ್ಕದ ಇನ್ಶೂರೆನ್ಸ್ ಆಫೀಸಿನವರು ಈ ಅಂಗಡಿಯ ನಂಬರ್ ಕೊಟ್ಟರು.

ಮೊದಲು ಇಷ್ಟವಾದದ್ದು ಫೋನಿನಲ್ಲೇ. ‘ಬರ್ತೀನಿ’ ಅನ್ನುವ ಮೊದಲು ಇವರು ಮೂರು ಪ್ರಶ್ನೆ ಕೇಳಿದರು. ಎಲ್ಲಾ ಕಂಪ್ಯೂಟರ್‌ಗೂ ಬರುತ್ತಿಲ್ಲವಾ, ಒಂದೆರಡಕ್ಕೆ ಮಾತ್ರನಾ? ಪ್ರಿಂಟರ್ ಮೇಲೆ ಪೇಪರ್ ಇಟ್ಟು ಜೆರಾಕ್ಸ್ ತೆಗೆದರೆ ಬರುತ್ತಾ? ಇತ್ತೀಚೆಗೆ ನೆಟ್‌ನಲ್ಲಿ ಏನಾದರೂ ಬದಲಾಯಿಸಿದ್ದೀರಾ?

ಜೆರಾಕ್ಸ್ ಚೆನ್ನಾಗೇ ಬರುತ್ತದೆ ಅಂದೆ. ‘ಹಾಗಾದ್ರೆ ಮಷಿನ್ ಬಗ್ಗೆ ಸದ್ಯಕ್ಕೆ ಹೆದರ್ಬೇಡಿ ಮೇಡಂ. ಜೆರಾಕ್ಸ್ ಬರುತ್ತೆ ಅಂದ್ರೆ ಡ್ರಮ್ಮು, ಟೋನರ್ರು, ಪೇಪರ್ ಎಳೆಯೋದು ಎಲ್ಲಾ ಸರಿ ಇದೆ. ಕಂಪ್ಯೂಟರ್‌ಗೂ ಅದಕ್ಕೂ ಮಧ್ಯೆ ದಾರಿ ತಪ್ಪಿದೆ, ಅಷ್ಟೇ’ ಅಂದರು. ಮೂರನೇ ಪ್ರಶ್ನೆಗೆ ಯೋಚನೆ ಮಾಡಿದೆ. ಆಗಸ್ಟ್ ಕೊನೆ ವಾರದಲ್ಲಿ ನೆಟ್‌ನವರು ಬಂದು ರೂಟರ್ ಬದಲಾಯಿಸಿ ಹೋಗಿದ್ದರು. ಅದನ್ನು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ನಾಳೆ ಬರ್ತೀನಿ. ಅಲ್ಲೀತನಕ ಆ ಬೋರ್ಡ್ ಆರ್ಡರ್ ಮಾಡ್ಬೇಡಿ’ ಅಂದರು.

ಮಾರನೇ ದಿನ 11ಕ್ಕೆ ಅಂದವರು ಬಂದದ್ದು 12.40ಕ್ಕೆ. ಇದೊಂದು ಕೊರತೆ, ಆಮೇಲೆ ಹೇಳುತ್ತೇನೆ. ಬಂದವರು ಕಂಪ್ಯೂಟರ್ ಮುಟ್ಟಲಿಲ್ಲ. ಸೀದಾ ಪ್ರಿಂಟರ್ ಹತ್ತಿರ ಹೋಗಿ ಅದರ ಮೆನುವಿನಲ್ಲೇ ಒಂದು ಪೇಜ್ ತೆಗೆದರು. ಕಾನ್ಫಿಗರೇಷನ್ ಪೇಜ್ ಅಂತ. ಪ್ರಿಂಟರ್ ತನ್ನ ಬಗ್ಗೆ ತಾನೇ ಬರೆದುಕೊಡುವ ಜಾತಕ ಇದ್ದ ಹಾಗೆ. ಅದರಲ್ಲಿ ಒಂದು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದರು. ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್ ಒಳಗೆ ಪ್ರಿಂಟರ್ ವಿಳಾಸ, 192.168.1.41.

ಆಮೇಲೆ ನನ್ನ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆಗೆದು ಪೋರ್ಟ್ಸ್ ಅನ್ನುವ ಜಾಗ ತೋರಿಸಿದರು. ಅಲ್ಲಿ ಟಿಕ್ ಇದ್ದದ್ದು 192.168.1.38ಕ್ಕೆ. ಎರಡೂ ಪಕ್ಕ ಪಕ್ಕ ಇಟ್ಟಾಗ ನನಗೂ ಅರ್ಥವಾಯಿತು. ಕಂಪ್ಯೂಟರ್ 38ನೇ ಮನೆಗೆ ಕಾಗದ ಕಳಿಸುತ್ತಿದೆ, ಪ್ರಿಂಟರ್ 41ನೇ ಮನೆಯಲ್ಲಿ ಕೂತಿದೆ.

ಆದರೆ ನನಗೊಂದು ಅನುಮಾನ. ‘ಹಿಂದಿನವರು 38ನ್ನೇ ಪಿಂಗ್ ಮಾಡಿ ರಿಪ್ಲೈ ಬರ್ತಾ ಇದೆ ಅಂತ ತೋರಿಸಿದ್ರಲ್ಲ ಅಣ್ಣಾ? ಪ್ರಿಂಟರ್ ಅಲ್ಲಿ ಇಲ್ಲ ಅಂದ್ರೆ ರಿಪ್ಲೈ ಹೇಗೆ ಬಂತು?’ ಅಂತ ಕೇಳಿದೆ.

ಪಿಂಗ್ ಅಂದರೆ ಒಂದು ನಂಬರಿಗೆ ‘ಇದ್ದೀಯಾ’ ಅಂತ ಕೇಳಿ, ಉತ್ತರ ಬರುತ್ತಾ ಅಂತ ನೋಡುವುದು. ಇವರು ಪಿಂಗ್ ಹಾಕಿದರು. ಒಂದೊಂದೇ ಸಾಲು ಬರುತ್ತಿದೆ. 38ರಿಂದ ರಿಪ್ಲೈ, ರಿಪ್ಲೈ, ರಿಪ್ಲೈ. ಅದನ್ನು ಹಾಗೇ ಓಡಲು ಬಿಟ್ಟು, ಎದ್ದು ಹೋಗಿ ಪ್ರಿಂಟರ್ ಹಿಂದಿನ ಕೇಬಲ್ ಕಿತ್ತು ನನ್ನ ಕೈಗೆ ಕೊಟ್ಟರು. ‘ಹಿಡ್ಕೊಳ್ಳಿ. ಈಗ ಸ್ಕ್ರೀನ್ ನೋಡಿ’ ಅಂದರು. ಕೇಬಲ್ ನನ್ನ ಕೈಯಲ್ಲಿದೆ. ಸ್ಕ್ರೀನಿನಲ್ಲಿ ಮಾತ್ರ ರಿಪ್ಲೈ ಬರುತ್ತಲೇ ಇದೆ. ಆಫೀಸಿನವರೆಲ್ಲ ಎದ್ದು ಬಂದು ನಿಂತರು. ಉತ್ತರ ಕೊಡುತ್ತಿದ್ದದ್ದು ಪ್ರಿಂಟರ್ ಅಲ್ಲವೇ ಅಲ್ಲ.

ರೂಟರ್ ಒಳಗೆ ಹೋಗಿ ನೋಡಿದರು. ಯಾರ್ಯಾರು ಯಾವ ನಂಬರಿನಲ್ಲಿದ್ದಾರೆ ಅನ್ನುವ ಪಟ್ಟಿ ಅಲ್ಲಿರುತ್ತದೆ. 38ರ ಮುಂದೆ ಒಂದು ಮೊಬೈಲ್ ಮಾಡೆಲ್ ಹೆಸರಿತ್ತು. ನಮ್ಮಲ್ಲಿ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುವ ಹುಡುಗನ ಹೊಸ ಫೋನ್! ಅವನು ಫೋನಿನಲ್ಲಿ ವೈಫೈ ಆಫ್ ಮಾಡಿದ. ತಕ್ಷಣ ಸ್ಕ್ರೀನಿನಲ್ಲಿ ರಿಪ್ಲೈ ನಿಂತು ‘ಟೈಮ್ಡ್ ಔಟ್’ ಅಂತ ಬರತೊಡಗಿತು. 9,500 ರೂಪಾಯಿಯ ಬೋರ್ಡ್ ವಿಷಯ ಅಲ್ಲಿಗೆ ಮುಗಿಯಿತು.

ಯಾಕೆ ಹೀಗಾಯಿತು ಅಂತ ಇವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ರೂಟರ್ ಅಂದರೆ ಲಾಡ್ಜ್ ಮ್ಯಾನೇಜರ್ ಇದ್ದ ಹಾಗೆ. ಬಂದವರಿಗೆಲ್ಲ ಒಂದೊಂದು ರೂಮ್ ನಂಬರ್ ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಕೊಟ್ಟ ನಂಬರ್ ಶಾಶ್ವತ ಅಲ್ಲ, ಇಷ್ಟು ಹೊತ್ತು ಅಂತ ಲೆಕ್ಕ. ಹಳೇ ರೂಟರ್‌ನಲ್ಲಿ ಯಾರೋ ಪುಣ್ಯಾತ್ಮರು ಪ್ರಿಂಟರ್‌ಗೆ ಒಂದು ನಂಬರ್ ಕಾದಿರಿಸಿ ಇಟ್ಟಿದ್ದರು. ಅದಕ್ಕೇ ಅಷ್ಟು ವರ್ಷ ತೊಂದರೆ ಇರಲಿಲ್ಲ. ರೂಟರ್ ಬದಲಾದಾಗ ಆ ಏರ್ಪಾಡು ಹಳೇ ಡಬ್ಬದ ಜೊತೆಗೇ ಹೋಯಿತು. ನೆಟ್‌ನವರು ನೆಟ್ ಬರುತ್ತಾ ಅಂತ ನೋಡಿದರು, ಪ್ರಿಂಟರ್ ನೋಡಲಿಲ್ಲ. ನಾನೂ ಕೇಳಲಿಲ್ಲ. ಜೊತೆಗೆ ನಾವು ಸಂಜೆ ಹೋಗುವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುತ್ತೇವೆ, ರೂಟರ್ ಕೂಡ ಆಫ್ ಆಗುತ್ತದೆ. ಹೊಸ ರೂಟರ್ ಬೆಳಗ್ಗೆ ಎದ್ದಾಗ ನಿನ್ನೆಯ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಮೊದಲು ಬಂದವರಿಗೆ ಖಾಲಿ ಇರುವ ನಂಬರ್ ಕೊಡುತ್ತದೆ. ಪ್ರಿಂಟರ್ ಬಿಸಿಯಾಗಿ ಏಳುವುದರೊಳಗೆ ನಮ್ಮೆಲ್ಲರ ಫೋನುಗಳು ಒಳಗೆ ಬಂದಿರುತ್ತವೆ.

ಹಿಂದಿನವರು ಎರಡು ಸಲ ಬಂದಾಗಲೂ ಅವತ್ತು ಪ್ರಿಂಟರ್ ಯಾವ ನಂಬರಿನಲ್ಲಿ ಇತ್ತೋ ಅದಕ್ಕೇ ಕಂಪ್ಯೂಟರ್‌ಗಳನ್ನು ಸೇರಿಸಿ ಹೋಗಿದ್ದರು. ಅವತ್ತಿಗೆ ಕೆಲಸ ಆಗುತ್ತಿತ್ತು. ನಂಬರ್ ಬದಲಾದ ದಿನ ಮತ್ತೆ ಆಫ್‌ಲೈನ್. ‘ಕಾಪಿ 1’, ‘ಕಾಪಿ 2’ ಎಲ್ಲಾ ಹುಟ್ಟಿಕೊಂಡದ್ದು ಹಾಗೆ.

ಇನ್ನು ಆ ವಿಚಿತ್ರ ಮೂರು ಕಂಪ್ಯೂಟರ್‌ಗಳ ವಿಷಯ. ಅವುಗಳಲ್ಲಿ ವಿಂಡೋಸ್ ತಾನಾಗೇ ಪ್ರಿಂಟರ್ ಹುಡುಕಿ ಸೇರಿಸಿಕೊಂಡಿತ್ತು. ಹಾಗೆ ಸೇರಿದಾಗ ಬಹಳ ಸಲ ಪೋರ್ಟ್ ಜಾಗದಲ್ಲಿ ಐಪಿ ನಂಬರ್ ಇರುವುದಿಲ್ಲ, ಡಬ್ಲ್ಯುಎಸ್‌ಡಿ ಅಂತ ಇರುತ್ತದೆ. ಇದು ನಂಬರ್ ನೆನಪಿಟ್ಟುಕೊಳ್ಳುವ ಬದಲು ‘ಪ್ರಿಂಟರ್ ಎಲ್ಲಿದ್ದೀಯಪ್ಪಾ’ ಅಂತ ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುವ ಪದ್ಧತಿ. ಪ್ರಿಂಟರ್‌ಗೆ ಕೂಗು ಕೇಳಿಸಿದರೆ ಸರಿ. ಅದು ನಿದ್ದೆಯಲ್ಲಿದ್ದರೆ, ಇಲ್ಲಾ ಮಧ್ಯೆ ಎಲ್ಲೋ ಕೂಗು ಕಳೆದುಹೋದರೆ, ಆಫ್‌ಲೈನ್. ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಇದು ಸಾಕು, ಆಫೀಸಿಗೆ ಬೇಡ ಅಂದರು ಇವರು.

ಸರಿ ಮಾಡುವುದಕ್ಕೆ ಎರಡು ದಾರಿ ಇವೆ ಅಂತ ಹೇಳಿ, ನಿರ್ಧಾರ ನನಗೇ ಬಿಟ್ಟರು. ಇದು ನನಗೆ ಬಹಳ ಹಿಡಿಸಿತು. ಒಂದು, ರೂಟರ್‌ನಲ್ಲೇ ಪ್ರಿಂಟರ್ ಹೆಸರಿಗೆ ನಂಬರ್ ಕಾದಿರಿಸುವುದು. ಎಲ್ಲಾ ಒಂದೇ ಕಡೆ ಇರುತ್ತದೆ, ಆದರೆ ರೂಟರ್ ಬದಲಾದರೆ ಮತ್ತೆ ಮಾಡಬೇಕು. ಎರಡು, ಪ್ರಿಂಟರ್‌ನ ಒಳಗೇ ನಂಬರ್ ಕೈಯಾರೆ ಬರೆಯುವುದು. ಆಗ ರೂಟರ್ ಬದಲಾದರೂ ಪ್ರಿಂಟರ್ ತನ್ನ ನಂಬರ್ ಬಿಡುವುದಿಲ್ಲ. ಆದರೆ ಹೊಸ ರೂಟರ್ 192.168.1 ಬಿಟ್ಟು 192.168.0 ಅಂತ ಶುರುವಾಗುವ ನಂಬರ್ ಕೊಡುವಂಥದ್ದಾದರೆ, ಪ್ರಿಂಟರ್ ಒಂದೇ ಬೇರೆ ಬೀದಿಯಲ್ಲಿ ಉಳಿದುಬಿಡುತ್ತದೆ. ನಮ್ಮಲ್ಲಿ ಮೊದಲಿನ ರೂಟರ್ರೂ, ಈಗಿನದೂ 192.168.1ರಲ್ಲೇ ಇದ್ದವು. ಹಾಗಾಗಿ ಎರಡನೇದು ಮಾಡಿ ಅಂದೆ.

ಪ್ರಿಂಟರ್‌ಗೆ 192.168.1.200 ಕೊಟ್ಟರು. ಅದಕ್ಕೂ ಮೊದಲು ರೂಟರ್‌ಗೆ ಹೋಗಿ, ‘ನೀನು 2ರಿಂದ 150ರವರೆಗೆ ಮಾತ್ರ ಹಂಚು’ ಅಂತ ಗಡಿ ಹಾಕಿದರು. ಯಾಕೆ ಅಂತ ಕೇಳಿದೆ. ‘ಇಲ್ಲಾಂದ್ರೆ ಒಂದು ದಿನ ಪ್ರಿಂಟರ್ ಆಫ್ ಇದ್ದಾಗ ರೂಟರ್ 200ನ್ನೂ ಇನ್ಯಾರಿಗೋ ಕೊಟ್ಟುಬಿಡುತ್ತೆ. ಆಮೇಲೆ ಇಬ್ಬರೂ ಒಂದೇ ರೂಮಿಗೆ ಜಗಳ ಆಡ್ತಾರೆ ಮೇಡಂ’ ಅಂದರು. ಕೈಯಾರೆ ನಂಬರ್ ಕೊಡಲು ಹೊರಟವರು ಈ ಗಡಿ ಹಾಕುವುದನ್ನು ಮರೆಯಬೇಡಿ.

ಆಮೇಲೆ 9 ಕಂಪ್ಯೂಟರ್‌ಗಳಲ್ಲೂ ಕಾಪಿಗಳನ್ನೆಲ್ಲ ತೆಗೆದರು. ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಅನ್ನುವುದನ್ನು ಆರಿಸಿ, 200ರ ನಂಬರ್ ಹಾಕಿ, ಒಂದೊಂದರಿಂದಲೂ ಒಂದು ಟೆಸ್ಟ್ ಪೇಜ್ ತೆಗೆದರು. 7 ಕಂಪ್ಯೂಟರ್ ಸರಾಗವಾಗಿ ಬಂದವು. ಎರಡು ಹಠ ಮಾಡಿದವು.

ಒಂದರಲ್ಲಿ ಪ್ರಿಂಟ್ ಕೊಟ್ಟರೆ ಸಾಲಿನಲ್ಲಿ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ನೋಡಿದರೆ ನಾಲ್ಕು ದಿನದ ಹಿಂದೆ ಯಾರೋ ಕೊಟ್ಟ 214 ಪುಟದ ಲೆಡ್ಜರ್ ಅರ್ಧಕ್ಕೆ ಸಿಕ್ಕಿಕೊಂಡಿದೆ. ಡಿಲೀಟ್ ಕೊಟ್ಟರೆ ‘ಡಿಲೀಟಿಂಗ್’ ಅಂತ ತೋರಿಸುತ್ತಾ ಅಲ್ಲೇ ಕೂತಿದೆ. ವಿಂಡೋಸ್‌ನ ಸರ್ವಿಸಸ್ ತೆಗೆದು, ಪ್ರಿಂಟ್‌ಗಳನ್ನು ಸಾಲಿನಲ್ಲಿಟ್ಟು ಕಳಿಸುವ ಪ್ರಿಂಟ್ ಸ್ಪೂಲರ್ ಅನ್ನುವುದನ್ನು ನಿಲ್ಲಿಸಿದರು. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿದ್ದ ಫೈಲುಗಳನ್ನು ಮಾತ್ರ ಅಳಿಸಿದರು, ಫೋಲ್ಡರ್ ಮುಟ್ಟಲಿಲ್ಲ. ಮತ್ತೆ ಸ್ಪೂಲರ್ ಶುರು ಮಾಡಿದರು. ಎರಡು ನಿಮಿಷದ ಕೆಲಸ. ಈಗ ಇದನ್ನು ನಾನೇ ಮಾಡುತ್ತೇನೆ.

ಇನ್ನೊಂದರಲ್ಲಿ ಪ್ರಿಂಟರ್ ಹೆಸರಿನ ಮುಂದೆ ಆಫ್‌ಲೈನ್ ಅಂತಲೇ ಇತ್ತು, ಆದರೆ 200ಕ್ಕೆ ಪಿಂಗ್ ಹಾಕಿದರೆ ಉತ್ತರ ಬರುತ್ತಿತ್ತು. ಈ ಸಲ ಕೇಬಲ್ ಕಿತ್ತು ನೋಡಿ, ಉತ್ತರ ಕೊಡುತ್ತಿರುವುದು ನಮ್ಮ ಪ್ರಿಂಟರ್ರೇ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಪೋರ್ಟ್ ಸೆಟ್ಟಿಂಗ್ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಅನ್ನುವ ಟಿಕ್ ತೆಗೆದರು. ಕಂಪ್ಯೂಟರ್ ಆಗಾಗ ಪ್ರಿಂಟರ್‌ಗೆ ‘ಹೇಗಿದ್ದೀಯ’ ಅಂತ ಕೇಳುತ್ತಿರುತ್ತದೆ. ಉತ್ತರ ಬಾರದಿದ್ದರೆ ಪ್ರಿಂಟರ್ ಇಲ್ಲವೇ ಇಲ್ಲ ಅಂತ ತಿಳಿದುಕೊಳ್ಳುತ್ತದೆ. ಆ ಟಿಕ್ ತೆಗೆದರೆ ಕೇಳುವುದು ಬಿಟ್ಟು ಸೀದಾ ಪ್ರಿಂಟ್ ಕಳಿಸುತ್ತದೆ. ಎಲ್ಲಾ ಕಡೆ ತೆಗೆಯಬೇಕಾಗಿಲ್ಲ, ಪಿಂಗ್ ಸರಿ ಇದ್ದೂ ಆಫ್‌ಲೈನ್ ಅಂತ ಹಠ ಮಾಡುವಲ್ಲಿ ಮಾತ್ರ ಅಂದರು.

ಸರ್ ಲ್ಯಾಪ್‌ಟಾಪ್ ಕಥೆ ಬೇರೆಯೇ. ಹೊಸ ರೂಟರ್ ಎರಡು ವೈಫೈ ಹೆಸರು ತೋರಿಸುತ್ತದೆ. ಸರ್ ಪಾರ್ಟಿಗಳಿಗೆ ಅಂತ ಇಟ್ಟಿದ್ದ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರು. ಗೆಸ್ಟ್‌ಗೆ ನೆಟ್ ಸಿಗುತ್ತದೆ, ಒಳಗಿನ ಪ್ರಿಂಟರ್ ಕಾಣುವುದಿಲ್ಲ. ಹಾಗೇ ಇರಬೇಕಾದದ್ದೂ ಸರಿ. ಹೆಸರು ಬದಲಾಯಿಸಿದ ತಕ್ಷಣ ಪ್ರಿಂಟ್ ಬಂತು.

ಒಂದು ಕೆಲಸ ಮಾತ್ರ ನಾವು ಕೇಳಿದ ಹಾಗೆ ಆಗಲಿಲ್ಲ. ಪ್ರಿಂಟರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸೀದಾ ನನ್ನ ಕಂಪ್ಯೂಟರ್‌ನ ಫೋಲ್ಡರ್‌ಗೆ ಬಂದು ಬೀಳುವುದು ಮೊದಲು ಇತ್ತು. ಕಂಪ್ಯೂಟರ್ ಹೊಸದು ಮಾಡಿದ ಮೇಲೆ ನಿಂತುಹೋಗಿತ್ತು. ಇವರು ನೋಡಿ, ನಮ್ಮ ಮಷಿನ್ ಹಳೆಯದು, ಅದಕ್ಕೆ ಎಸ್‌ಎಂಬಿ 1 ಅನ್ನುವ, ಫೈಲ್ ಕಳಿಸುವ ಹಳೇ ಭಾಷೆ ಮಾತ್ರ ಬರುತ್ತದೆ ಅಂದರು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ದೇಶದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು, ನೆನಪಿದೆಯಾ? ಅದು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಬ್ಬಿದ್ದು ಇದೇ ಎಸ್‌ಎಂಬಿ 1ರ ಬಾಗಿಲಿನಿಂದ. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್ ಹಾಕಿದಾಗ ಈ ಬಾಗಿಲು ಇರುವುದೇ ಇಲ್ಲ. ಬೇಕಾದರೆ ಕೈಯಾರೆ ತೆಗೆಯಬಹುದು.

‘ತೆಗೆದುಕೊಡಿ, ಕೆಲಸ ಆದ್ರೆ ಸಾಕು’ ಅಂದೆ. ಇವರು ಒಪ್ಪಲಿಲ್ಲ. ‘ಮೇಡಂ, ನಿಮ್ಮ ಹತ್ರ ಊರಿನ ಅರ್ಧ ವ್ಯಾಪಾರಸ್ಥರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಇದೆ. ಒಂದು ಸ್ಕ್ಯಾನ್‌ಗೋಸ್ಕರ ನಾನು ಆ ಬಾಗಿಲು ತೆಗೆಯಲ್ಲ. ಬೇರೆಯವರು ತೆಗೀತೀನಿ ಅಂದ್ರೂ ಬೇಡ ಅನ್ನಿ’ ಅಂದರು. ಆ ಹೊತ್ತಿಗೆ ನನಗೆ ಸ್ವಲ್ಪ ಬೇಜಾರಾಯಿತು. ಈಗಲೂ ಸ್ಕ್ಯಾನ್ ಮಾಡಬೇಕಾದಾಗ ಪ್ರಿಂಟರ್‌ಗೆ ಪೆನ್ ಡ್ರೈವ್ ಹಾಕಿ ತೆಗೆದುಕೊಳ್ಳುತ್ತಿದ್ದೇವೆ, ದಿನಕ್ಕೆ ಹತ್ತು ಸಲ ಎದ್ದು ಓಡಾಡಬೇಕು. ಆದರೆ ಯೋಚನೆ ಮಾಡಿದರೆ ಇವರು ಹೇಳಿದ್ದು ನ್ಯಾಯ. ಜನ ನಮ್ಮನ್ನು ನಂಬಿ ತಮ್ಮ ಮನೆ ಲೆಕ್ಕ ಕೊಟ್ಟಿರುತ್ತಾರೆ. ಹೂಂ ಅಂದಿದ್ದರೆ ಇವರಿಗೆ ಇನ್ನೂ ಇನ್ನೂರು ಮುನ್ನೂರು ಸಿಗುತ್ತಿತ್ತು. ಅದನ್ನು ಬಿಟ್ಟು ಬೇಡ ಅಂದರು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಆಫೀಸಿಗೆ ಬಂದದ್ದಕ್ಕೆ 300, ಕಂಪ್ಯೂಟರ್ ಒಂದಕ್ಕೆ 100ರಂತೆ 900, ಒಟ್ಟು 1,200. ಸರ್ ಲ್ಯಾಪ್‌ಟಾಪ್‌ಗೆ ಏನೂ ತೆಗೆದುಕೊಳ್ಳಲಿಲ್ಲ, ‘ವೈಫೈ ಹೆಸರು ಬದಲಾಯಿಸೋಕೆ ಏನು ದುಡ್ಡು’ ಅಂದರು. ಎಲ್ಲಾ ಸೇರಿ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಬಿಲ್ ಕೇಳಿದೆ, ಏನೇನು ಮಾಡಿದರು ಅಂತ ಸಾಲು ಸಾಲಾಗಿ ಕೈಯಲ್ಲಿ ಬರೆದು ಕೊಟ್ಟರು. ಜಿಎಸ್‌ಟಿ ನೋಂದಣಿ ಇವರಿಗೆ ಇಲ್ಲ. ಸರ್ವಿಸ್ ಮಾಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ತಾನೇ ಅದು ಬೇಕಾಗುವುದು. ನೋಂದಣಿ ಇಲ್ಲದವರು ಬಿಲ್‌ನಲ್ಲಿ ಟ್ಯಾಕ್ಸ್ ಸೇರಿಸುವಂತಿಲ್ಲ, ಇವರು ಸೇರಿಸಿಯೂ ಇಲ್ಲ. ನಮ್ಮ ಕಸುಬಿನಲ್ಲಿ ಇಂಥದ್ದು ಮೊದಲು ಕಣ್ಣಿಗೆ ಬೀಳುತ್ತದೆ.

ಹೋಗುವ ಮೊದಲು ಒಂದು ಬಿಳಿ ಹಾಳೆ ಕೇಳಿದರು. ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು, ಪ್ರಿಂಟರ್ ಪಕ್ಕದ ಗೋಡೆಗೆ ಸೆಲ್ಲೋ ಟೇಪ್ ಹಾಕಿ ಅಂಟಿಸಿದರು. ಮೇಲೆ ದೊಡ್ಡದಾಗಿ 192.168.1.200, ಅವತ್ತಿನ ತಾರೀಖು. ಕೆಳಗೆ ನಾಲ್ಕು ಸಾಲು. ಜೆರಾಕ್ಸ್ ಬರುತ್ತಾ ನೋಡಿ. ಹಿಂದೆ ಕೇಬಲ್ ಹತ್ತಿರ ದೀಪ ಉರಿಯುತ್ತಾ ನೋಡಿ. 200ಕ್ಕೆ ಪಿಂಗ್ ಹಾಕಿ. ಉತ್ತರ ಬಂದರೆ ಸ್ಪೂಲರ್ ನಿಲ್ಲಿಸಿ ಶುರು ಮಾಡಿ, ಬರದಿದ್ದರೆ ನನಗೆ ಫೋನ್ ಮಾಡಿ. ಕೊನೆಗೆ ಕೆಂಪು ಪೆನ್ನಿನಲ್ಲಿ ‘ರೂಟರ್ ಬದಲಾಯಿಸುವಾಗ ಈ ಹಾಳೆ ತೋರಿಸಿ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

ಆ ಹಾಳೆಯ ಒಂದು ಫೋಟೋ ತೆಗೆದು ನನ್ನ ಫೋನಿನಲ್ಲೂ ಇಟ್ಟುಕೊಂಡಿದ್ದೇನೆ. 11 ವರ್ಷದಲ್ಲಿ ನಮ್ಮ ಆಫೀಸಿಗೆ ಎಷ್ಟೋ ಜನ ರಿಪೇರಿಗೆ ಬಂದಿದ್ದಾರೆ. ‘ನಾನಿಲ್ಲದಿದ್ದರೂ ನಿಮಗೆ ಗೊತ್ತಾಗಲಿ’ ಅಂತ ಬರೆದಿಟ್ಟು ಹೋದವರು ಇವರೊಬ್ಬರೇ.

ಕೊರತೆಗಳನ್ನೂ ಹೇಳಬೇಕಲ್ವಾ. ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಒಬ್ಬರೇ ಎಲ್ಲಾ ನೋಡಿಕೊಳ್ಳುತ್ತಾರೆ, ಅಂಗಡಿಯಲ್ಲಿ ಇನ್ನೊಬ್ಬರು ಇಲ್ಲ. ಹೊರಗಡೆ ಕೆಲಸಕ್ಕೆ ಹೋದರೆ ಅಂಗಡಿ ಬಾಗಿಲು ಹಾಕಿರುತ್ತದೆ. ಕೆಲಸದ ಮಧ್ಯೆ ಇದ್ದರೆ ಫೋನ್ ಎತ್ತುವುದಿಲ್ಲ, ಆದರೆ ಸಂಜೆಯೊಳಗೆ ತಪ್ಪದೆ ವಾಪಸ್ ಮಾಡುತ್ತಾರೆ. ಗಂಟೆಯೊಳಗೆ ಬರಲೇಬೇಕು ಅನ್ನುವ ದೊಡ್ಡ ಆಫೀಸುಗಳಿಗೆ ಇದು ಕಷ್ಟ ಆಗಬಹುದು. ಇನ್ನೊಂದು, ಅಂಗಡಿಗೆ ಹುಡುಕಿಕೊಂಡು ಹೋಗುವವರಿಗೆ ಹೆಸರಿನ ಬೋರ್ಡ್ ಸುಲಭಕ್ಕೆ ಕಾಣುವುದಿಲ್ಲ. ಮೆಟ್ಟಿಲ ಕೆಳಗಿನ ಚಿಕ್ಕ ಮಳಿಗೆ, ಬಾಗಿಲಲ್ಲಿ ಹಳೇ ಟೋನರ್ ಡಬ್ಬಗಳ ರಾಶಿ ಇರುತ್ತದೆ, ಅದೇ ಗುರುತು.

ಸೆಪ್ಟೆಂಬರ್ 30 ದಾಟಿತು. ಅಷ್ಟೂ ದಿನ ಪ್ರಿಂಟರ್ ಒಂದು ಸಲವೂ ನಿಲ್ಲಲಿಲ್ಲ. ಕೊನೆಯ ಮೂರು ದಿನ ರಾತ್ರಿ ಹತ್ತರವರೆಗೂ ಓಡಿದೆ. ಭಟ್ಟಿ ಯಜಮಾನರು ಇನ್ನೊಂದು ಸೆಟ್ ಬೇಕು ಅಂತ ಬಂದಾಗ ಅವರು ಚಪ್ಪಲಿ ಬಿಟ್ಟು ಒಳಗೆ ಬರುವುದರೊಳಗೆ ಪೇಪರ್ ಕೈಗೆ ಕೊಟ್ಟೆ.

ಅಕ್ಟೋಬರ್ ಎರಡನೇ ವಾರದಲ್ಲಿ ಒಂದು ಬೆಳಗ್ಗೆ ಮತ್ತೆ ಆಫ್‌ಲೈನ್ ಬಂತು. ಎದೆ ಧಸಕ್ ಅಂತು. ಗೋಡೆ ಮೇಲಿನ ಹಾಳೆ ಮುಂದೆ ನಿಂತೆ. ಜೆರಾಕ್ಸ್ ಬರುತ್ತಿದೆ. ಹಿಂದೆ ಬಗ್ಗಿ ನೋಡಿದೆ, ಕೇಬಲ್ ಹತ್ತಿರದ ದೀಪ ಇಲ್ಲ. ಹಿಂದಿನ ದಿನ ಪ್ರಿಂಟರ್ ಸರಿಸಿ ಕಸ ಗುಡಿಸಿದ್ದರು, ಕೇಬಲ್ ಅರ್ಧ ಹೊರಗೆ ಬಂದಿತ್ತು. ಒಳಗೆ ಒತ್ತಿದೆ. ಹಸಿರು ದೀಪ ಹತ್ತಿತು, ಪಕ್ಕದ್ದು ಮಿಣಮಿಣ ಅಂತು. ಕಪ್ಪು ಪರದೆ ತೆಗೆದು 200ಕ್ಕೆ ಪಿಂಗ್ ಹಾಕಿದೆ, ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. ಹತ್ತು ನಿಮಿಷವೂ ಆಗಲಿಲ್ಲ.

ಸಂಜೆ ಇವರಿಗೆ ಫೋನ್ ಮಾಡಿ ಹೇಳಿದೆ. ಖುಷಿಪಟ್ಟರು. ಆಮೇಲೆ ಕೇಳಿದರು, ‘ಕೇಬಲ್ ಒಳಗೆ ಹೋದಾಗ ಟಕ್ ಅಂತ ಶಬ್ದ ಬಂತಾ ಅಕ್ಕಾ?’ ನೆನಪು ಮಾಡಿಕೊಂಡೆ, ಬಂದಿರಲಿಲ್ಲ. ‘ಹಾಗಾದ್ರೆ ತುದೀಲಿರೋ ಕ್ಲಿಪ್ ಮುರಿದಿದೆ. ಮತ್ತೆ ಕಳಚ್ಕೊಳ್ಳುತ್ತೆ. ನಾನು ಬರೋದು ಬೇಡ, ಆ ಕಡೆ ಬಂದಾಗ ಕೇಬಲ್ ತಗೊಂಡು ಬನ್ನಿ, ತುದಿ ಬದಲಾಯಿಸಿ ಕೊಡ್ತೀನಿ, 50 ರೂಪಾಯಿ’ ಅಂದರು. ಶನಿವಾರ ಮಧ್ಯಾಹ್ನ ಆಫೀಸ್ ಮುಗಿಸಿ ತೆಗೆದುಕೊಂಡು ಹೋಗುತ್ತಿದ್ದೇನೆ.